ಮಿಕ್ಸ್ಟ್ ಸೈಕಲ್ಲಿನ ಜೋಡಿ ಕೊಳವೆ

'ಲೇಡೀಸ್ ಸೈಕಲ್' ಅಂತ ಮೂಗು ಮುರಿಯುವವರು ಹಳೇ ಮಿಕ್ಸ್ಟ್ ಫ್ರೇಮನ್ನು ಒಮ್ಮೆ ಪಕ್ಕದಿಂದ ನೋಡಬೇಕು. ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿನಿಂದ ಹೊರಟ ಎರಡು ಸಪೂರ ಕೊಳವೆಗಳು ಸೀಟಿನ ಕೆಳಗಿನ ಸೀಟ್ ಟ್ಯೂಬಿನ ಎಡಬಲಕ್ಕೆ ಹಾದು ಸೀದಾ ಹಿಂದಿನ ಆಕ್ಸಲ್‌ವರೆಗೆ ಓಡುತ್ತವೆ. ಹಿಂದಿನ ಚಕ್ರಕ್ಕೆ ಎರಡರ ಬದಲು ಮೂರು ಜೋಡಿ ಆಸರೆ! ಬಾಗಿದ ಒಂಟಿ ಕೊಳವೆಯ ಫ್ರೇಮು ಹತ್ತಲು ಇನ್ನೂ ಸಲೀಸು, ನಿಜ. ಆದರೆ ಕ್ಯಾರಿಯರ್ ತುಂಬ ಭಾರ ಹೇರಿದರೆ ನಡು ತಿರುಚಿಕೊಂಡು ಬಾಲ ಅಲ್ಲಾಡಿಸುತ್ತದೆ. ಮಿಕ್ಸ್ಟ್‌ನಲ್ಲಿ ಆ ಕಾಟ ಕಡಿಮೆ. ಫ್ರೆಂಚಿನಲ್ಲಿ ಮಿಕ್ಸ್ಟ್ ಅಂದರೆ 'ಮಿಶ್ರ', ಅಂದರೆ ಗಂಡು ಹೆಣ್ಣು ಇಬ್ಬರಿಗೂ. ಮೂಗು ಮುರಿದವರು ಗಮನಿಸಿ.

ಕೊಳ್ಳುವ ಮುಂಚೆ ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊತ್ತ ಕಂಬಿ, ಅಲುಗುತ್ತದಾ ನೋಡಿ. ಉಕ್ಕಿನ ಫ್ರೇಮಿನೊಳಗೆ ಅಲ್ಯುಮಿನಿಯಂ ಪೋಸ್ಟ್ ವರ್ಷಗಟ್ಟಲೆ ಗ್ರೀಸಿಲ್ಲದೆ ಕೂತರೆ ಬೆಸುಗೆ ಹಾಕಿದಷ್ಟೇ ಗಟ್ಟಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯಿರಿ, ಆಮೇಲೆ ತಿರುವಿ. ಸುತ್ತಿಗೆ ಬೇಡ.

ಹಳೇ ಫ್ರೆಂಚ್ ಅಳತೆಯ ಬಾಟಮ್ ಬ್ರಾಕೆಟ್ಟು (ಪೆಡಲಿನ ಅಚ್ಚು ತಿರುಗುವ ಜಾಗ) 35 ಮಿ.ಮೀ. ವ್ಯಾಸದ್ದು, ಎರಡೂ ಕಡೆ ಬಲ ಮರೆ, ಅಂದರೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪು. ಇಂಗ್ಲಿಷ್ ಅಳತೆಯದರಲ್ಲಿ ಚೈನ್ ಕಡೆಯ ಬೇರಿಂಗ್ ಬಟ್ಟಲಿಗೆ ಎಡ ಮರೆ. ಯಾವುದೆಂದು ತಿಳಿಯದೆ ಪಾನಾ ಹಾಕಿ ಒತ್ತಿದರೆ ಬಿಚ್ಚುವ ಬದಲು ಇನ್ನಷ್ಟು ಬಿಗಿಯಾಗುತ್ತದೆ.

27 ಇಂಚಿನ ಚಕ್ರ ತೆಗೆದು 700ಸಿ ಅಳತೆಯದು ಹಾಕುವುದಾದರೆ ರಿಮ್ಮಿನ ವ್ಯಾಸ 630ರಿಂದ 622 ಮಿ.ಮೀ.ಗೆ ಇಳಿಯುತ್ತದೆ, ಬ್ರೇಕಿನ ರಬ್ಬರ್ 4 ಮಿ.ಮೀ. ಕೆಳಗೆ ಸರಿಯಬೇಕು. ಬ್ರೇಕಿನ ಕ್ಯಾಲಿಪರ್ ತೋಳಿನಲ್ಲಿ ಅಷ್ಟು ಜಾಗ ಉಳಿದಿದೆಯಾ ಅಂತ ಮೊದಲೇ ಅಳೆದುಕೊಳ್ಳಿ.