ಗರಿ ಒದೆಯುವುದೂ ಒಂದು ವ್ಯಾಯಾಮವೇ?

ಬೀಜಿಂಗ್‌ನಲ್ಲಿ ನೆಲೆಸಿರುವ ನನ್ನನ್ನು ಊರಿನ ಬಂಧುಗಳೂ ಇಲ್ಲಿಗೆ ಬಂದುಹೋಗುವ ಸ್ನೇಹಿತರೂ ತಪ್ಪದೆ ಕೇಳುವ ಪ್ರಶ್ನೆ ಇದು: "ಪಾರ್ಕಿನಲ್ಲಿ ಗರಿ ಸಿಕ್ಕಿಸಿದ ಬಿಲ್ಲೆಯನ್ನು ಒದೆಯುತ್ತೀರಲ್ಲ, ಅದರಿಂದ ವ್ಯಾಯಾಮ ಆಗುತ್ತದೆಯೇ? ವಾಕಿಂಗ್ ಸಾಲದೇ?" ಖಂಡಿತ ಆಗುತ್ತದೆ, ಅದರಲ್ಲೂ ನಡಿಗೆಯಲ್ಲಿ ಹೆಚ್ಚು ಕೆಲಸವಿಲ್ಲದ ಅಂಗಗಳಿಗೆ ಆಗುತ್ತದೆ ಎಂಬುದು ನನ್ನ ಉತ್ತರ.

ಈ ಆಟದ ಸಾಧನದ ಹೆಸರು ಜಿಯಾನ್‌ಜಿ. ಹಿಂದೆ ನಡುವೆ ಚೌಕ ತೂತಿದ್ದ ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ, ಹಕ್ಕಿಯ ಗರಿ ಸಿಕ್ಕಿಸಿ ಇದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಈಗ ಅಂಗಡಿಯಲ್ಲಿ ಸಿಗುವವುಗಳಲ್ಲಿ ಹೆಚ್ಚಿನವಕ್ಕೆ ಅಡಿಯಲ್ಲಿ ರಬ್ಬರ್ ಬಿಲ್ಲೆಗಳೂ ಮೇಲೆ ನಾಲ್ಕು ಬಣ್ಣದ ಗರಿಗಳೂ ಇರುತ್ತವೆ. ಭಾರವೆಲ್ಲ ಬುಡದಲ್ಲಿದ್ದು ಗರಿಗಳು ಗಾಳಿಯನ್ನು ತಡೆಯುವುದರಿಂದ, ಹೇಗೆ ಒದ್ದರೂ ಅದು ಮಗುಚಿಕೊಂಡು ಬುಡ ಕೆಳಗಾಗಿ ನಿಧಾನವಾಗಿ ಇಳಿಯುತ್ತದೆ, ಮತ್ತು ಆ ಅಲ್ಪ ನಿಧಾನವೇ ವಯಸ್ಸಾದವರಿಗೂ ಅದರ ಕೆಳಗೆ ಕಾಲು ತರಲು ಬೇಕಾದ ಸಮಯವನ್ನು ಕೊಡುತ್ತದೆ.

ಮೂಲ ಒದೆತಗಳು ನಾಲ್ಕು: ಪಾದದ ಒಳಬದಿಯಿಂದ, ಹೊರಬದಿಯಿಂದ, ಬೆರಳುಗಳ ಮೇಲ್ಭಾಗದಿಂದ, ಮಂಡಿಯಿಂದ. ಕಲಿಯುವವರು ಒಳಬದಿಯ ಒದೆತದಿಂದ ಆರಂಭಿಸುತ್ತಾರೆ. ಚಕ್ಕಳಮಕ್ಕಳ ಹಾಕಿ ಕೂರುವಾಗ ಹೇಗೋ ಹಾಗೆ ಮಂಡಿಯನ್ನು ಹೊರಕ್ಕೆ ತೆರೆದು, ಕಣಕಾಲನ್ನು ಒಳಕ್ಕೆ ತಿರುಗಿಸಿ, ಪಾದವನ್ನು ಮೇಲಕ್ಕೆತ್ತಬೇಕು. ಅಷ್ಟು ಹೊತ್ತೂ ದೇಹದ ಭಾರವೆಲ್ಲ ಇನ್ನೊಂದು ಕಾಲಿನ ಮೇಲಿರುತ್ತದೆ. ಸೊಂಟದ ಕೀಲು ತಿರುಗುತ್ತದೆ, ಮೀನಖಂಡ ಬಿಗಿಯುತ್ತದೆ, ಒಂಟಿಕಾಲಿನಲ್ಲಿ ತೂಕ ತಪ್ಪದಿರುವ ಅಭ್ಯಾಸವಾಗುತ್ತದೆ, ಕಣ್ಣು ಗರಿಯಿಂದ ಕದಲುವಂತಿಲ್ಲ. ವಯಸ್ಸಾದವರಿಗೆ ಬೀಳದಂತೆ ನಿಲ್ಲುವ ಈ ಅಭ್ಯಾಸಕ್ಕಿಂತ ಮುಖ್ಯವಾದ ವ್ಯಾಯಾಮ ಬೇರೊಂದಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಬೀಜಿಂಗ್‌ನಲ್ಲಿ 1420ರಲ್ಲಿ ಕಟ್ಟಿ ಮುಗಿಸಿದ ಸ್ವರ್ಗ ದೇಗುಲದ (ಟೆಂಪಲ್ ಆಫ್ ಹೆವನ್) ಆವರಣ ಇಂದು ಸಾರ್ವಜನಿಕ ಉದ್ಯಾನ. ಅಲ್ಲಿ ಬೆಳಗಿನ ಹೊತ್ತು ನಿವೃತ್ತರು ವೃತ್ತವಾಗಿ ನಿಂತು ಆಡುವುದನ್ನು ನೋಡಬೇಕು. ಕೈ ತಾಗಿಸುವಂತಿಲ್ಲ, ಎದೆ, ತೊಡೆ, ತಲೆ ಯಾವುದನ್ನಾದರೂ ಕೊಡಬಹುದು. ಈ ವೃತ್ತದಲ್ಲಿ ಗೆಲ್ಲುವವರೂ ಸೋಲುವವರೂ ಇಲ್ಲ. ಎದುರಿಗಿರುವವರಿಗೆ ಎಟಕುವಂತೆ ಒದೆಯುವುದೇ ಜಾಣ್ಮೆಯಾದ್ದರಿಂದ, ಹೊಸಬರು ಬಂದರೆ ಪಳಗಿದವರು ಗರಿಯನ್ನು ಎತ್ತರಕ್ಕೆ, ಸಾವಕಾಶವಾಗಿ ಕಳಿಸುತ್ತಾರೆ. (ಬಲೆ ಕಟ್ಟಿ ಅಂಕ ಎಣಿಸುವ ಸ್ಪರ್ಧೆಯ ರೂಪವೂ ಇದೆ, ಅದು ಬೇರೆಯದೇ ಆಟ.)

ಚಳಿಗೂ ಈ ಆಟಕ್ಕೂ ಹಳೆಯ ನಂಟಿದೆ. ಮಿಂಗ್ ಅರಸರ ಕಾಲದ ಬೀಜಿಂಗ್ ಮಕ್ಕಳ ಪದವೊಂದು, ವಿಲೋ ಮರ ಚಿಗುರುವ ಕಾಲಕ್ಕೆ ಬುಗುರಿಯಂಥ ಆಟಗಳನ್ನು ಹೇಳಿ, ಮರ ಒಣಗಿ ನಿಂತಾಗ ಜಿಯಾನ್‌ಜಿ ಒದೆಯಬೇಕೆನ್ನುತ್ತದೆ. ಕೊರೆಯುವ ಚಳಿಯಲ್ಲಿ ಪಾದಗಳು ಬೆಚ್ಚಗಾಗುವುದನ್ನು ಅನುಭವಿಸಿದವರಿಗೆ ಆ ಮಾತು ಎಷ್ಟು ಸರಿಯೆಂದು ತಿಳಿಯುತ್ತದೆ.

ಆರಂಭಿಸುವವರು ಗಾಳಿ ಬೀಸದ ಕಡೆ, ಗೋಡೆಯ ಮರೆಯಲ್ಲಿ, ಜಾರದ ಸಮತಟ್ಟು ನೆಲದಲ್ಲಿ, ಅಡಿ ತೆಳುವಾಗಿರುವ ಶೂ ಹಾಕಿಕೊಂಡು ಆಡಲಿ. ಮೊದಲು ಕಣಕಾಲು, ಸೊಂಟ ಸಡಿಲಿಸಿಕೊಳ್ಳಬೇಕು. ಮಂಡಿನೋವಿರುವವರು ವೈದ್ಯರನ್ನು ಕೇಳಿ, ಹಾರಿ ಒದೆಯುವುದನ್ನು ಬಿಟ್ಟು, ಎರಡೂ ಕಾಲುಗಳಿಗೆ ಸಮನಾಗಿ ಕೆಲಸ ಕೊಡುತ್ತಾ ಆಡುವುದು ಒಳ್ಳೆಯದು.