‘ಫೆಲೋಶಿಪ್‌ಗೆ ಹೇಗೆ ಅರ್ಜಿ ಹಾಕಿದಿರಿ?’ ಎಂದು ಕೇಳುವವರಿಗೆ

ವಿದೇಶದ ಅಲ್ಪಾವಧಿ ವೃತ್ತಿಪರ ಕೋರ್ಸೊಂದಕ್ಕೆ ಫೆಲೋಶಿಪ್ ಪಡೆದು ಹೋಗಿಬಂದಾಗಿನಿಂದ, ಪರಿಚಯವಿದ್ದವರೂ ಇಲ್ಲದವರೂ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ‘ಹೇಗೆ ಅರ್ಜಿ ಹಾಕಿದಿರಿ? ನಮಗೂ ಒಂದು ಲಿಂಕ್ ಕಳಿಸಿ.’ ಮೊದಮೊದಲು ಸಮಾಧಾನದಿಂದ ಕುಳಿತು ವಿವರಿಸುತ್ತಿದ್ದೆ. ಈಗ ಅದು ನನ್ನಿಂದ ಆಗುವುದಿಲ್ಲ. ಹೇಳಬೇಕಾದದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕೊಡುತ್ತೇನೆ.

ಲಿಂಕ್ ಕಳಿಸುವುದಿಲ್ಲ. ಒಬ್ಬರಿಂದೊಬ್ಬರಿಗೆ ದಾಟುತ್ತ ಬರುವ ಪಟ್ಟಿಗಳಲ್ಲಿ ಕಾಲ ಮೀರಿದ ಮಾಹಿತಿಯೇ ತುಂಬಿರುತ್ತದೆ. ದುಡಿಯುವವರಿಗೆ ಫೆಲೋಶಿಪ್ ಕೊಡಲೆಂದು ನೆದರ್ಲೆಂಡ್ಸ್ ಸರ್ಕಾರ 2017ರಲ್ಲಿ ಆರಂಭಿಸಿದ್ದ ಆರೆಂಜ್ ನಾಲೆಜ್ ಕಾರ್ಯಕ್ರಮ ಮುಗಿದುಹೋಗಿದೆ. ಆದರೂ ಅದರ ಅರ್ಜಿ ನಮೂನೆ ಎಲ್ಲಿ ಸಿಗುತ್ತದೆಂದು ಕೇಳುವವರು ಇನ್ನೂ ಇದ್ದಾರೆ. ನಡೆಯುತ್ತಿರುವ ಕಾರ್ಯಕ್ರಮಗಳ ನಿಯಮಗಳೂ ಒಂದೇ ಬಗೆಯವಲ್ಲ. ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯಾದ ಜೈಕಾದ ತರಬೇತಿಗಳಿಗೆ ವ್ಯಕ್ತಿಯೊಬ್ಬ ತಾನಾಗಿ ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ, ಅದು ಆತನ ದೇಶದ ಸರ್ಕಾರದ ಮೂಲಕವೇ ಹೋಗಬೇಕು. ಅಮೆರಿಕದಲ್ಲಿ 1978ರಿಂದ ನಡೆದುಬಂದಿರುವ ಹ್ಯೂಬರ್ಟ್ ಹಂಫ್ರಿ ಫೆಲೋಶಿಪ್‌ಗೆ ಪದವಿಯ ನಂತರ ಕನಿಷ್ಠ 5 ವರ್ಷಗಳ ಪೂರ್ಣಾವಧಿ ವೃತ್ತಿ ಅನುಭವ ಬೇಕು. ಸುಮಾರು 10 ತಿಂಗಳು ಅಲ್ಲಿ ಕಲಿತರೂ ಪದವಿ ಕೊಡುವುದಿಲ್ಲ, ಮುಗಿದ ಮೇಲೆ 2 ವರ್ಷ ಸ್ವದೇಶದಲ್ಲಿ ಇರಬೇಕೆಂಬ ಷರತ್ತೂ ವೀಸಾದ ಜೊತೆಗೇ ಬರುತ್ತದೆ. ಬ್ರಿಟನ್ನಿನ ಚೀವ್ನಿಂಗ್ ಹೆಸರಿನಲ್ಲಿ ಸ್ನಾತಕೋತ್ತರ ಪದವಿಗೆ ಕೊಡುವ ವಿದ್ಯಾರ್ಥಿವೇತನ ಬೇರೆ, ಅಲ್ಪಾವಧಿಯ ಫೆಲೋಶಿಪ್ ಬೇರೆ. ಇವನ್ನೆಲ್ಲ ಆಯಾ ಸಂಸ್ಥೆಯ ಪ್ರಕಟಣೆಯಲ್ಲಿ ಯಾರು ಬೇಕಾದರೂ ಓದಿಕೊಳ್ಳಬಹುದು. ಅಷ್ಟು ಓದುವ ವ್ಯವಧಾನವಿಲ್ಲದವರಿಗೆ ಅರ್ಜಿ ಬರೆಯುವ ವ್ಯವಧಾನ ಎಲ್ಲಿಂದ ಬರಬೇಕು?

ನನ್ನನ್ನು ನಿಜವಾಗಿ ಕೆರಳಿಸುವುದು ಇದಲ್ಲ, ಇದರ ಹಿಂದೆಯೇ ಬರುವ ಇನ್ನೊಂದು ಮಾತು: ‘ಕೋರ್ಸ್ ಯಾವುದಾದರೂ ಪರವಾಗಿಲ್ಲ, ಖರ್ಚೆಲ್ಲ ಅವರೇ ನೋಡಿಕೊಳ್ಳುವಂತಿರಬೇಕು.’ ಒಮ್ಮೆ ರಾತ್ರಿ ಊಟದ ಹೊತ್ತಿನಲ್ಲಿ ಒಬ್ಬರು ಫೋನ್ ಮಾಡಿದರು. ಅರ್ಜಿಗೆ ಅಂದೇ ಕೊನೆಯ ದಿನ. ‘ಮೇಡಂ, ಎಲ್ಲ ತುಂಬಿದ್ದೇನೆ, ಒಂದು ಸಲ ಕಣ್ಣಾಡಿಸಿಬಿಡಿ’ ಎಂದರು. ಕೋರ್ಸನ್ನು ಯಾಕೆ ಆರಿಸಿಕೊಂಡಿರಿ ಎಂದು ಕೇಳುವ ಅಂಕಣದಲ್ಲಿ ‘ನನ್ನ ಜ್ಞಾನವನ್ನು ವಿಸ್ತರಿಸಿಕೊಂಡು ಜಾಗತಿಕ ಅನುಭವ ಪಡೆಯಲು’ ಎಂದು ಬರೆದಿದ್ದರು. ಆ ವಾಕ್ಯವನ್ನು ಯಾವ ದೇಶದ ಯಾವ ವೃತ್ತಿಯವರ ಅರ್ಜಿಗಾದರೂ ಅಂಟಿಸಬಹುದಿತ್ತು. ನನಗೆ ಸಿಟ್ಟು ಬಂತು. ನೀವು ದಿನವೂ ಮಾಡುವ ಕೆಲಸವೇನು, ಅದನ್ನಾದರೂ ಹೇಳಿ ಎಂದೆ.

ಅವರು ಕುಡಿಯುವ ನೀರಿನ ಪರೀಕ್ಷಾ ಪ್ರಯೋಗಾಲಯದಲ್ಲಿದ್ದರು. ಕೇಳಿದ್ದೇ ತಡ, ಮಾತು ತಾನಾಗಿ ಹರಿಯಿತು. ನೀರು ಕಲುಷಿತಗೊಂಡಿರಬಹುದೆಂದು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಲು ನೀರಿನ ಮಾದರಿಯನ್ನು ಇನ್‌ಕ್ಯುಬೇಟರ್‌ನಲ್ಲಿಟ್ಟು ಒಂದೆರಡು ದಿನ ಕಾಯಬೇಕು. ಫಲಿತಾಂಶ ಕೈಗೆ ಬರುವಷ್ಟರಲ್ಲಿ ಜನ ಆ ನೀರನ್ನು ಕುಡಿದಾಗಿರುತ್ತದೆ. ‘ನಾವು ನೀರು ಕೆಟ್ಟಿದೆ ಎಂದು ವರದಿ ಬರೆದು ಕಡತಕ್ಕೆ ಸೇರಿಸುತ್ತೇವೆ ಮೇಡಂ, ಆ ಹೊತ್ತಿಗೆ ಅದನ್ನು ಕುಡಿದ ಮಕ್ಕಳು ಆಸ್ಪತ್ರೆಯಲ್ಲಿರುತ್ತಾರೆ’ ಎಂದರು. ಆ ಮಾತಿಗೆ ನಾನು ಸುಮ್ಮನಾದೆ. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ತನ್ನ ಕುಡಿಯುವ ನೀರಿನ ಮಾರ್ಗಸೂಚಿಯ ಮೂರನೆಯ ಆವೃತ್ತಿಯಲ್ಲಿ ನೀರಿನ ಸುರಕ್ಷತಾ ಯೋಜನೆಗಳನ್ನು ಮುಂದಿಟ್ಟದ್ದು ಇದೇ ತೊಡಕಿಗೆ ಪರಿಹಾರವಾಗಿ: ಕೊನೆಯ ನಲ್ಲಿಯಲ್ಲಿ ಪರೀಕ್ಷಿಸಿ ಸುಮ್ಮನಾಗುವ ಬದಲು, ಮೂಲದಿಂದ ಮನೆಯವರೆಗೆ ಅಪಾಯ ಎಲ್ಲೆಲ್ಲಿ ನುಸುಳಬಹುದೆಂದು ಗುರುತಿಸಿ ಅಲ್ಲಲ್ಲೇ ತಡೆಯುವುದು. ಅದನ್ನು ಕಲಿಸುವ ಅಲ್ಪಾವಧಿ ಕೋರ್ಸ್‌ಗಳಿವೆ. ಅವರಿಗೆ ಬೇಕಾಗಿದ್ದದ್ದು ಅದು. ಅವರು ಅರ್ಜಿ ತುಂಬಿದ್ದದ್ದು ನಾಯಕತ್ವದ ಬಗೆಗಿನ ಕೋರ್ಸೊಂದಕ್ಕೆ, ಅದರಲ್ಲಿ ವಿಮಾನದ ಟಿಕೆಟ್ಟೂ ಸೇರಿತ್ತೆಂಬ ಕಾರಣಕ್ಕೆ.

ಅವತ್ತು ಆ ಅರ್ಜಿಯನ್ನು ಕಳಿಸಬೇಡಿ ಎಂದೆ. ಅವರಿಗೆ ಬೇಸರವಾಯಿತು. ನಾನು ಕಠಿಣವಾಗಿ ಮಾತಾಡುತ್ತೇನೆ ಎಂದು ಆಮೇಲೆ ಬೇರೆಯವರ ಬಳಿ ಹೇಳಿದರಂತೆ. ಹೇಳಲಿ, ಆ ಸಲಹೆಯನ್ನು ಇವತ್ತಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ದುಡಿಯುವವರಿಗೆಂದೇ ಇರುವ ಫೆಲೋಶಿಪ್‌ಗಳಲ್ಲಿ ಆಯ್ಕೆ ಮಾಡುವವರು ನಿಮ್ಮ ಅಂಕಗಳಿಗಿಂತ ಹೆಚ್ಚಾಗಿ ನಿಮ್ಮ ಕೆಲಸದಲ್ಲಿ ಎಲ್ಲಿ ಗಂಟು ಬಿದ್ದಿದೆ, ಈ ಕೋರ್ಸ್ ಅದನ್ನು ಬಿಡಿಸಲು ಹೇಗೆ ನೆರವಾಗುತ್ತದೆ ಎಂಬುದನ್ನು ನೋಡುತ್ತಾರೆ. ಆ ಗಂಟನ್ನು ಹೆಸರಿಟ್ಟು ಹೇಳಬಲ್ಲವರು ಪ್ರಯೋಗಾಲಯದಲ್ಲಿ ನಿಂತು ದುಡಿಯುವವರೇ ಹೊರತು, ಯಾರೋ ಕಳಿಸಿದ ಮಾದರಿ ಪ್ರಬಂಧವಲ್ಲ.

ಇಷ್ಟು ವರ್ಷಗಳಲ್ಲಿ ಯಾರೂ ಕೇಳದ, ಆದರೆ ಕೇಳಿದ್ದರೆ ಸಂತೋಷದಿಂದ ಗಂಟೆಗಟ್ಟಲೆ ಉತ್ತರಿಸುತ್ತಿದ್ದ ಪ್ರಶ್ನೆ ಬೇರೆಯೇ ಇದೆ: ‘ನಿಮ್ಮ ಕಚೇರಿ ನಿಮ್ಮನ್ನು ಹೇಗೆ ಕಳಿಸಿಕೊಟ್ಟಿತು?’ ನಾನು ಕಂಡ ಅರ್ಜಿಗಳಲ್ಲಿ ಹೆಚ್ಚಿನವು ಮುಗ್ಗರಿಸಿದ್ದು ಇಲ್ಲಿಯೇ. ಮೇಲೆ ಹೇಳಿದ ನೆದರ್ಲೆಂಡ್ಸ್ ಕಾರ್ಯಕ್ರಮ ಇದ್ದಾಗ ಉದ್ಯೋಗದಾತರ ಹೇಳಿಕೆ ಲಗತ್ತಿಸುವುದು ಕಡ್ಡಾಯವಾಗಿತ್ತು. ಹಲವು ಕಾರ್ಯಕ್ರಮಗಳು ಇಂಥದೇ ಪತ್ರ ಕೇಳುತ್ತವೆ. ಆ ಪತ್ರವನ್ನು ಕೊನೆಯ ವಾರದಲ್ಲಿ ಕೇಳಿದರೆ ‘ನಮ್ಮ ಅಭ್ಯಂತರವೇನಿಲ್ಲ’ ಎಂಬ ಒಂದು ಸಾಲು ಸಿಗುತ್ತದೆ, ಅದೂ ಸಿಕ್ಕಿದರೆ.

ನಾನು ಅರ್ಜಿಯ ಒಂದಕ್ಷರ ಬರೆಯುವ ಮೊದಲೇ ಮೇಲಧಿಕಾರಿಯ ಮುಂದೆ ಒಂದು ಹಾಳೆ ಇಟ್ಟೆ. ನಾನಿಲ್ಲದ ವಾರಗಳಲ್ಲಿ ನನ್ನ ಯಾವ ಕೆಲಸವನ್ನು ಯಾವ ಸಹೋದ್ಯೋಗಿ ನೋಡಿಕೊಳ್ಳುತ್ತಾರೆ, ಯಾವ ಕೆಲಸ ನಿಂತೇ ಹೋಗುತ್ತದೆ, ಹಿಂತಿರುಗಿದ ಮೇಲೆ ಮೊದಲು ಏನನ್ನು ಬದಲಿಸುತ್ತೇನೆ ಎಂದು ಅದರಲ್ಲಿತ್ತು. ಸಹೋದ್ಯೋಗಿಗಳನ್ನು ಮೊದಲೇ ಮಾತಾಡಿಸಿದ್ದೆ, ಯಾಕೆಂದರೆ ನಾನು ವಿಮಾನ ಹತ್ತಿದರೆ ಹೊರೆ ಬೀಳುವುದು ಅವರ ಹೆಗಲಿಗೆ, ಆ ಹೊರೆಗೆ ಯಾವ ಪ್ರಮಾಣಪತ್ರವೂ ಬರುವುದಿಲ್ಲ. ಮೇಲಧಿಕಾರಿ ಮೊದಲು ಆಗುವುದಿಲ್ಲವೆಂದರು, ಮತ್ತೆ ಹಾಳೆಯನ್ನು ಓದಿದರು, ನಿಂತುಹೋಗುವ ಕೆಲಸಗಳಲ್ಲಿ ಒಂದರ ಮುಂದೆ ಪೆನ್ನಿನಿಂದ ಗೀಟು ಹಾಕಿ ‘ಇದನ್ನು ಹೋಗುವ ಮೊದಲು ಮುಗಿಸಬೇಕು’ ಎಂದು ಬರೆದರು. ಕೊನೆಗೆ ಅವರು ಕೊಟ್ಟ ಪತ್ರದಲ್ಲಿ, ಬಂದ ಮೇಲೆ ನನಗೆ ಯಾವ ಹೊಣೆ ವಹಿಸಲಾಗುತ್ತದೆ ಎಂಬುದೂ ಇತ್ತು. ‘ಇವರು ಪ್ರಾಮಾಣಿಕರು, ಶ್ರಮಜೀವಿ’ ಎಂಬ ಪತ್ರಗಳ ರಾಶಿಯಲ್ಲಿ ಅಂಥದ್ದೊಂದು ಓದುವವರ ಕಣ್ಣಿಗೆ ಬೀಳದೆ ಇರುವುದಿಲ್ಲ.

ಹಣದ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಫೆಲೋಶಿಪ್ ಎಂದರೆ ಎಲ್ಲವೂ ಸೇರಿದೆ ಎಂದು ತಿಳಿಯಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗೆ ಸೇರಿದ, ಇಟಲಿಯ ಟ್ಯೂರಿನ್‌ನಲ್ಲಿರುವ ತರಬೇತಿ ಕೇಂದ್ರದಂಥ ಕಡೆಗಳಲ್ಲಿ ಖರ್ಚಿನ ಒಂದು ಭಾಗವನ್ನಷ್ಟೇ ಭರಿಸುವ ಫೆಲೋಶಿಪ್‌ಗಳೂ ಇರುತ್ತವೆ. ಶುಲ್ಕ, ಪ್ರಯಾಣ, ವಸತಿ, ದಿನಭತ್ಯೆ, ವಿಮೆ, ವೀಸಾ ಶುಲ್ಕ ಇವುಗಳಲ್ಲಿ ಯಾವುದು ಅವರದು, ಯಾವುದು ನಿಮ್ಮದು ಎಂಬುದನ್ನು ಅರ್ಜಿ ಹಾಕುವ ಮೊದಲೇ ಬರೆದುಕೊಳ್ಳಿ. ಉಳಿದದ್ದನ್ನು ನಿಮ್ಮ ಸಂಸ್ಥೆ ಕೊಡುವುದಾದರೆ ಆ ಮಾತು ಕೂಡ ಮೇಲಧಿಕಾರಿಯ ಪತ್ರದಲ್ಲೇ ಬರಲಿ.

ಇಷ್ಟೆಲ್ಲ ಓದಿದ ಮೇಲೂ ನನ್ನನ್ನು ಕೇಳಬೇಕೆನಿಸಿದರೆ ಖಂಡಿತ ಕೇಳಿ, ಆದರೆ ಕೊನೆಯ ದಿನಕ್ಕೆ ಒಂದು ತಿಂಗಳು ಇರುವಾಗ ಕೇಳಿ. ನಿಮ್ಮ ಕೆಲಸದಲ್ಲಿ ಬಿಡಿಸಲಾಗದೆ ಉಳಿದಿರುವ ಒಂದು ತೊಡಕನ್ನು ಅರ್ಧ ಪುಟದಲ್ಲಿ ಬರೆದು ಕಳಿಸಿ. ಭಾಷೆ ಹೇಗಿದ್ದರೂ ಸರಿ, ನಾನು ಕುಳಿತು ತಿದ್ದಿಕೊಡುತ್ತೇನೆ.