ಇಲ್ಲಿ ಗೇಟ್ ಬುಡೋರ್ ಯಾರ್ಲಾ?

"ದ್ವೀಪ ನೋಡಕ್ಕೆ ಓಗದಾ? ನಾವ್ ಇರೋದೇನ್ಲಾ ಮತ್ತೆ?"

ಅವ್ವನ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮದು ಶ್ರೀರಂಗಪಟ್ಟಣದ ಗಂಜಾಂ. ಊರಿನ ಮೇಲ್ಗಡೆ ಎರಡಾಗಿ ಸೀಳುವ ಕಾವೇರಿ ನಮ್ಮನ್ನು ಬಳಸಿಕೊಂಡು ಬಂದು ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಸೇತುವೆ ದಾಟದೆ ಮಂಡ್ಯಕ್ಕೂ ಹೋಗುವಂತಿಲ್ಲ, ಮೈಸೂರಿಗೂ ಹೋಗುವಂತಿಲ್ಲ. ಅವ್ವನ ಲೆಕ್ಕದಲ್ಲಿ ಅವಳು ಆಗಲೇ ಮೂರು ದ್ವೀಪ ಮುಗಿಸಿದವಳು: ಆದಿರಂಗ ನಮ್ಮೂರು, ಮಧ್ಯರಂಗ ಶಿವನಸಮುದ್ರ, ಅಂತ್ಯರಂಗ ತಮಿಳುನಾಡಿನ ಶ್ರೀರಂಗ. ಮೂರೂ ಕಾವೇರಿಯ ನಡುಗಡ್ಡೆಗಳೇ, ಮೂರರಲ್ಲೂ ರಂಗನಾಥ ಮಲಗಿದ್ದಾನೆ. "ನಾಕ್ನೇದ್ರಲ್ಲಿ ಯಾರ್ ಮಲ್ಗವ್ರೆ?" ಅಂತ ಕೇಳಿದಳು.

ನಾಲ್ಕನೆಯದು ಯಾವುದು ಅನ್ನುವುದೇ ಇನ್ನೂ ತೀರ್ಮಾನವಾಗಿರಲಿಲ್ಲ. 2024ರ ಜುಲೈನಲ್ಲಿ ಕೆಆರ್‌ಎಸ್ ತುಂಬಿ, ಗೇಟ್ ಬಿಟ್ಟು, ಊರಿನ ಎರಡೂ ಕಡೆ ಹೊಳೆ ಕೆಂಪಗೆ ಹರಿಯುತ್ತಿದ್ದಾಗ ಮಗ ಮಹಡಿ ಮೇಲೆ ನಿಂತು "ಅಪ್ಪಾ, ನೀಲಿ ನೀರಿರೋ ದ್ವೀಪಕ್ಕೆ ಯಾವಾಗ ಹೋಗೋದು?" ಅಂದ. ಅಲ್ಲಿಂದ ಶುರುವಾಯಿತು.

ಹೆಂಡತಿಗೆ ಮಾಲ್ಡೀವ್ಸ್ ಮೇಲೆ ಮನಸ್ಸು. ಬೆಂಗಳೂರಿನಿಂದ ನೇರ ವಿಮಾನ, ನಮ್ಮವರಿಗೆ ಇಳಿದ ಮೇಲೆ ಪುಕ್ಕಟೆ ವೀಸಾ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳ ವಿಡಿಯೊವನ್ನು ರಾತ್ರಿ ಊಟದ ಹೊತ್ತಿಗೆ ದಿನಾ ಹಾಕುತ್ತಿದ್ದಳು. ನಾನು ಲೆಕ್ಕ ಹಾಕುವುದು ಕಬ್ಬಿನಲ್ಲಿ. ಆ ಕಂಬದ ಮನೆಯಲ್ಲಿ ಐದು ಜನ ನಾಲ್ಕು ರಾತ್ರಿ ಮಲಗಲು ಎರಡೆಕರೆ ಕಬ್ಬು ಕಡಿದು ಫ್ಯಾಕ್ಟರಿಗೆ ಸಾಗಿಸಬೇಕಾಗಿತ್ತು. ಏರ್‌ಪೋರ್ಟಿನಿಂದ ರೆಸಾರ್ಟಿಗೆ ಕರೆದೊಯ್ಯುವ ಸ್ಪೀಡ್‌ಬೋಟಿಗೋ ಸೀಪ್ಲೇನಿಗೋ ಕೊಡುವ ದುಡ್ಡು ಬೇರೆ. "ರೀ, ಊರಿನವರೇ ಇರೋ ಮಾಫುಶಿ ಥರದ ದ್ವೀಪದಲ್ಲಿ ಗೆಸ್ಟ್‌ಹೌಸ್ ಸಿಗುತ್ತೆ, ಅಷ್ಟೊಂದು ಆಗಲ್ಲ" ಅಂದಳು. ಅದೂ ನಿಜವೇ. ಆದರೆ ಅವ್ವನಿಗೆ ಪಾಸ್‌ಪೋರ್ಟ್ ಇರಲಿಲ್ಲ. ಆಧಾರ್‌ನಲ್ಲಿ ಅವಳು ಹುಟ್ಟಿದ್ದು ಒಂದು ವರ್ಷ, ಪಡಿತರ ಚೀಟಿಯಲ್ಲಿ ಇನ್ನೊಂದು. ಅವ್ವನನ್ನೇ ಕೇಳಿದರೆ "ದೊಡ್ಡ್ ಒಳೆ ಬಂದ್ ವರ್ಷ". ಅದನ್ನೆಲ್ಲ ಸರಿಮಾಡಿಸುವಷ್ಟರಲ್ಲಿ ಮಗನಿಗೆ ಮೀಸೆ ಬರುತ್ತದೆ. ಅಲ್ಲಿಗೆ ಮಾಲ್ಡೀವ್ಸ್, ಬಾಲಿ, ಮಾರಿಷಸ್ ಮೂರೂ ಒಂದೇ ಸಲಕ್ಕೆ ಮುಳುಗಿದವು.

ನನಗೆ ಆಸೆ ಇದ್ದದ್ದು ಲಕ್ಷದ್ವೀಪದ ಮೇಲೆ. ಅದಕ್ಕೆ ಕಾರಣ ಹವಳವಲ್ಲ, ನಮ್ಮೂರೇ. ಅಲ್ಲಿನ ಅಮೀನಿ ದ್ವೀಪದ ಕೆಲವರು ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತು, 1783ರ ಸುಮಾರಿಗೆ ಮಂಗಳೂರಿನಲ್ಲಿದ್ದ ಟಿಪ್ಪುವಿನ ಹತ್ತಿರ ಹೋಗಿ ನಮ್ಮನ್ನು ನೀವೇ ಆಳಿ ಅಂತ ಕೇಳಿಕೊಂಡರು. ಹಾಗೆ ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು ಶ್ರೀರಂಗಪಟ್ಟಣಕ್ಕೆ ಸೇರಿದವು. 1799ರಲ್ಲಿ ನಮ್ಮ ಕೋಟೆ ಬಿದ್ದಾಗ ಅವೂ ಕಂಪನಿಯ ಪಾಲಾದವು. ಆಮೇಲೂ ಮಂಗಳೂರಿನ ನಂಟು ತಪ್ಪಲಿಲ್ಲ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಒಂದು ದ್ವೀಪದಿಂದ ಇನ್ನೊಂದು ದ್ವೀಪವನ್ನು ಆಳಿದ ಕಥೆ ಇದು. ಮನೆಯಲ್ಲಿ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿಗೆ ಹೋಗಲು ಪರ್ಮಿಟ್ ಬೇಕು; ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ, ಅದೂ ಚಿಕ್ಕ ವಿಮಾನ. ನಮ್ಮ ರಜೆಯ ದಿನಗಳಿಗೆ ಐದು ಸೀಟು ಒಟ್ಟಿಗೆ ಸಿಗಲಿಲ್ಲ. ಆ ಆಸೆ ಹಾಗೇ ಉಳಿದಿದೆ.

ಉಳಿದದ್ದು ಅಂಡಮಾನ್. ಪಾಸ್‌ಪೋರ್ಟ್ ಬೇಡ, ನಾವು ನೋಡಬೇಕೆಂದಿದ್ದ ಮೂರು ದ್ವೀಪಕ್ಕೆ ಪರ್ಮಿಟ್ಟೂ ಬೇಡ. ಆದರೆ ಮುಂಗಾರು, ಹಿಂಗಾರು ಎರಡೂ ನೆನೆಸುವ ಜಾಗ ಅದು. ನೈಋತ್ಯ ಮಾರುತ ಕೇರಳಕ್ಕೆ ಬರುವ ಮೊದಲೇ ಮೇ ತಿಂಗಳಲ್ಲಿ ಅಲ್ಲಿ ಇಳಿಯುತ್ತದೆ. ಅದು ಹೋಗುತ್ತಿದ್ದಂತೆ ಈಶಾನ್ಯದ್ದು ಬರುತ್ತದೆ. ಬೇಸಿಗೆ ರಜೆ, ದಸರಾ ರಜೆ ಎರಡೂ ಕೈಬಿಟ್ಟವು. ಮಕ್ಕಳ ಶಾಲೆಯ ಕ್ರಿಸ್ಮಸ್ ರಜೆಯೊಂದೇ ಗತಿ, ಟಿಕೆಟ್ ದುಬಾರಿಯಾಗುವುದೂ ಆಗಲೇ.

ಹೆಂಡತಿ ಇನ್ನೊಂದು ವಿಷಯ ಹುಡುಕಿದ್ದಳು. ಶಹೀದ್ ದ್ವೀಪದಲ್ಲಿ, ಅಂದರೆ ಹಳೆಯ ನೀಲ್ ಐಲ್ಯಾಂಡಿನಲ್ಲಿ, ಸಮುದ್ರವೇ ಕೊರೆದು ಮಾಡಿದ ಕಲ್ಲಿನ ಸೇತುವೆ ಇದೆ. ನೀರು ಇಳಿದಾಗ ಮಾತ್ರ ಅದರ ಬುಡಕ್ಕೆ ಹೋಗಬಹುದು. ನೀರು ಹೆಚ್ಚು ಇಳಿಯುವುದು ಅಮಾವಾಸ್ಯೆ, ಹುಣ್ಣಿಮೆಗೆ. ಗೋಡೆಯ ಮೊಳೆಯಿಂದ ಒಂಟಿಕೊಪ್ಪಲ್ ಪಂಚಾಂಗ ಇಳಿಸಿ ನೋಡಿದರೆ ಡಿಸೆಂಬರ್ 30, ಸೋಮವಾರ, ಎಳ್ಳಮಾವಾಸ್ಯೆ. ನಮ್ಮ ರಜೆಯ ನಟ್ಟನಡುವೆ.

"ಅಮಾಸೆ ದಿನ ದೋಣಿ ಅತ್ತಿಸ್ತೀರಾ ನನ್ನ?" ಅವ್ವ ಎದ್ದು ಒಳಗೆ ಹೋದಳು. ಕೊನೆಗೆ ರಾಜಿಯಾದದ್ದು ಹೀಗೆ: ಹೊರಡುವುದು 27ಕ್ಕೆ, ನೀಲ್ ಸೇರಿಕೊಳ್ಳುವುದು 29ರ ಭಾನುವಾರ, ಅಮಾವಾಸ್ಯೆಯಂದು ಯಾವ ದೋಣಿಯನ್ನೂ ಹತ್ತುವುದಿಲ್ಲ. ದ್ವೀಪ ಆರಿಸುವವರಿಗೆ ನಾನು ಹೇಳುವುದಾದರೆ ಇಷ್ಟೇ. ಬೀಚಿನ ಫೋಟೊ ಎಲ್ಲ ಒಂದೇ ಥರ ಇರುತ್ತವೆ. ಮನೆಯಲ್ಲಿ ಯಾರ ಮಂಡಿ ನೋಯುತ್ತದೆ, ಯಾರಿಗೆ ವಾಂತಿಯಾಗುತ್ತದೆ, ಆ ವಾರದ ತಿಥಿ ಯಾವುದು ಅಂತ ಮೊದಲು ನೋಡಿಕೊಳ್ಳಿ.

ಬೆಂಗಳೂರಿನಿಂದ ಎರಡೂವರೆ ಗಂಟೆಯ ವಿಮಾನ. ಅವ್ವನ ಚೀಲದಲ್ಲಿ ಎರಡು ಸೇರು ರಾಗಿ ಹಿಟ್ಟು, ಚಕ್ಲಿ, ಹುರಿಗಾಳು, ಒಂದು ಮುದ್ದೆ ಕೋಲು. ಇಳಿದ ಊರಿಗೆ ಆ ಸೆಪ್ಟೆಂಬರ್‌ನಲ್ಲಷ್ಟೇ ಶ್ರೀ ವಿಜಯಪುರಂ ಅಂತ ಹೊಸ ಹೆಸರು ಘೋಷಣೆಯಾಗಿತ್ತು, ಆಟೋದವರ ಬಾಯಲ್ಲಿ ಮಾತ್ರ ಇನ್ನೂ ಪೋರ್ಟ್ ಬ್ಲೇರ್. ನಮ್ಮೂರಿನಿಂದ ಹೆಚ್ಚುಕಡಿಮೆ ನೇರ ಪೂರ್ವಕ್ಕಿದ್ದರೂ ಗಡಿಯಾರ ಒಂದೇ ಆದ್ದರಿಂದ, ಸಂಜೆ ಐದು ದಾಟುತ್ತಿದ್ದಂತೆ ಸೂರ್ಯ ಮುಳುಗಿಬಿಡುತ್ತಾನೆ. ಮಧ್ಯಾಹ್ನ ಮಲಗಿ ಎದ್ದು ಸುತ್ತಾಡೋಣ ಅನ್ನುವವರಿಗೆ ಆ ಊರು ಸಿಗುವುದಿಲ್ಲ.

ಅದಕ್ಕೇ ಊಟ ಮುಗಿಸಿ ನೇರ ಸೆಲ್ಯುಲರ್ ಜೈಲಿಗೆ ಹೋದೆವು. 1906ರಲ್ಲಿ ಕಟ್ಟಿ ಮುಗಿಸಿದ್ದು. ಗಾಡಿ ಚಕ್ರದ ಅರೆಕಾಲುಗಳ ಹಾಗೆ ನಡುವಿನ ಗೋಪುರದಿಂದ ಏಳು ಸಾಲು ಹೊರಟಿದ್ದವು, ಈಗ ಮೂರು ಉಳಿದಿವೆ. ಒಂದು ಸಾಲಿನ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ. ಕೈದಿಗೆ ಕೈದಿಯ ಮುಖ ಕಾಣಬಾರದು. ಮಕ್ಕಳು ನಮ್ಮೂರಿನ ಬೈಲಿ ಡಂಜನ್ ನೋಡಿ ಬೆಳೆದವರು, ಸೆರೆಮನೆ ಅಂದರೆ ನೆಲದಡಿ ಇರಬೇಕು ಅಂದುಕೊಂಡಿದ್ದರು. ಇಲ್ಲಿ ಗಾಳಿ ಇದೆ, ಬೆಳಕಿದೆ, ಹೊರಗೆ ಸಮುದ್ರವಿದೆ. ಅದೇ ಹೆಚ್ಚು ಹಿಂಸೆ ಅನ್ನಿಸಿತು ನನಗೆ.

ಅವ್ವ ನಿಂತದ್ದು ಎಣ್ಣೆ ಗಾಣದ ಮುಂದೆ. ಒಣಕೊಬ್ಬರಿ ಅರೆಯುವ ಗಾಣದ ನೊಗಕ್ಕೆ ಕೈದಿಗಳನ್ನು ಹೂಡಿದ್ದನ್ನು ಗೊಂಬೆ ಮಾಡಿ ತೋರಿಸಿದ್ದಾರೆ. ಅವ್ವನ ತವರಿನಲ್ಲಿ ಆಲೆಮನೆ ಇತ್ತು. ಎತ್ತು ಗಾಣ ಸುತ್ತುವುದನ್ನು ನೋಡುತ್ತಾ ದೊಡ್ಡವಳಾದವಳು. ನೊಗವನ್ನೇ ಬಹಳ ಹೊತ್ತು ನೋಡಿ, "ಎತ್ತಿಗಾದ್ರೆ ನಾಕ್ ಸುತ್ತಿಗೊಂದ್ಸಲ ನಿಲ್ಲಿಸ್ತಿದ್ರು" ಅಂದಳು. ಆ ದಿನ ಮತ್ತೆ ಮಾತಾಡಲಿಲ್ಲ.

ಮರುದಿನ ಸ್ವರಾಜ್ ದ್ವೀಪಕ್ಕೆ, ಅಂದರೆ ಹ್ಯಾವ್‌ಲಾಕಿಗೆ, ಫೆರ್ರಿ. 2018ರಲ್ಲಿ ಹೆಸರು ಬದಲಾಗಿದೆ. ಟಿಕೆಟ್ಟಿನ ಮೇಲೆ ಹೊಸದು, ಬೋರ್ಡಿನ ಮೇಲೆ ಒಮ್ಮೊಮ್ಮೆ ಹಳೆಯದು. ಗಾಜು ಮುಚ್ಚಿದ ಎಸಿ ದೋಣಿ, ಹೊರಗೆ ಹೋಗಲು ಬಿಡುವುದಿಲ್ಲ. ಬಂದರು ದಾಟಿದ ಹತ್ತು ನಿಮಿಷಕ್ಕೆ ಸಮುದ್ರ ನಮ್ಮನ್ನು ಮೊರದಲ್ಲಿ ಹಾಕಿ ಕೇರಿದ ಹಾಗೆ ಕೇರಲು ಶುರುಮಾಡಿತು. ಕುವೆಂಪುನಗರದ ಹುಡುಗಿ ನನ್ನ ಹೆಂಡತಿ, ಮಾಲ್ಡೀವ್ಸ್ ಕನಸು ಕಂಡವಳು, ಕವರಿನೊಳಗೆ ತಲೆ ಇಟ್ಟವಳು ಎತ್ತಲಿಲ್ಲ. ಅವಳ ಹಿಂದೆ ಮಗ, ಮಗನ ಹಿಂದೆ ನಾನು. ಹರಿಗೋಲಿನಲ್ಲಿ ಹೊಳೆ ದಾಟಿ ಬೆಳೆದ ಅವ್ವ ಒಬ್ಬಳೇ ಚಕ್ಲಿ ಮುರಿಯುತ್ತಾ ಕೂತಿದ್ದಳು. ಸೊಸೆಯ ಬೆನ್ನು ಸವರಿ ನಿಂಬೆಹಣ್ಣು ಮೂಸಲು ಕೊಟ್ಟಳು. "ಕಣ್ ಮುಚ್ಬ್ಯಾಡ ಕಣವ್ವ, ದೂರದಲ್ ಕಾಣ್ತದಲ್ಲ ಗೆರೆ, ಅದ್ನೇ ನೋಡು." "ಆಗ್ತಿಲ್ಲ ಅತ್ತೆ" ಅನ್ನುವುದಕ್ಕೂ ಅವಳಲ್ಲಿ ಶಕ್ತಿ ಇರಲಿಲ್ಲ.

ಹ್ಯಾವ್‌ಲಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಧಾನಗರ ಬೀಚ್ ಹೆಸರಿಗೆ ತಕ್ಕ ಹಾಗೇ ಇದೆ, ಹಿಟ್ಟು ಜರಡಿ ಹಿಡಿದಂಥ ಮರಳು, ಬೆನ್ನಿಗೆ ದೊಡ್ಡ ಮರಗಳ ಕಾಡು. ಕ್ರಿಸ್ಮಸ್ ವಾರದಲ್ಲಿ ದಸರಾ ಎಕ್ಸಿಬಿಷನ್ನಿನಷ್ಟು ಜನ. 'ಸೀ ವ್ಯೂ' ಅಂತ ದುಡ್ಡು ಕಟ್ಟಿಸಿಕೊಂಡ ಹೋಟೆಲಿನಲ್ಲಿ ಸಮುದ್ರ ಕಾಣುತ್ತಿದ್ದದ್ದು ಬಚ್ಚಲಿನ ಕಿಟಕಿಯಿಂದ, ಅದೂ ಸ್ಟೂಲ್ ಹತ್ತಿದರೆ. ಮಗಳು ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕೆಲ್ ಕಟ್ಟಿಕೊಂಡು ಮುಳುಗಿ ಬಂದಳು. ಮೀನು ಕಂಡಿತ್ತು, ಗಿಳಿಮೂತಿಯದ್ದು. ಹವಳ ಮಾತ್ರ ಬಹುಪಾಲು ಬೂದಿ ಬಣ್ಣ. 2010ರಲ್ಲಿ ನೀರು ಕಾದು ಅಂಡಮಾನಿನ ಹವಳ ದೊಡ್ಡ ಮಟ್ಟದಲ್ಲಿ ಬಿಳಿಚಿಕೊಂಡಿತ್ತು, ಆಮೇಲೂ ಆ ಪೆಟ್ಟು ಬಿದ್ದಿದೆ. ಫೋಟೊದಲ್ಲಿರುವ ಬಣ್ಣ ಹುಡುಕಿಕೊಂಡು ಹೋದವರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ನೀಲ್ ಬೇರೆಯೇ. ಜೆಟ್ಟಿ ಇಳಿದು ಆಟೋದಲ್ಲಿ ಹೊರಟರೆ ಎರಡೂ ಕಡೆ ಅಡಿಕೆ, ತೆಂಗು, ಬಾಳೆ, ಗದ್ದೆ, ಬದನೆ ಮಡಿ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು ನೆಲೆಗೊಳಿಸಿದ ಊರು. ಸುತ್ತಲ ದ್ವೀಪಗಳಿಗೆ ತರಕಾರಿ ಹೋಗುವುದು ಇಲ್ಲಿಂದ. ಅವ್ವನ ಮುಖ ಮೊದಲ ಸಲ ಅರಳಿತು. ಆಟೋ ನಿಲ್ಲಿಸಿ, ಬದನೆ ಬಿಡಿಸುತ್ತಿದ್ದ ಹೆಂಗಸಿನ ಹತ್ತಿರ ಹೋಗಿ ಕನ್ನಡದಲ್ಲೇ ವಿಚಾರಿಸಿದಳು. ಆಕೆ ಬಂಗಾಳಿಯಲ್ಲಿ ಉತ್ತರ ಕೊಟ್ಟಳು. ಹುಳದ ಕಾಟದ ವಿಷಯ ಇಬ್ಬರಿಗೂ ಅರ್ಥವಾಯಿತು.

ಬೀಚುಗಳಿಗೆಲ್ಲ ರಾಮಾಯಣದ ಹೆಸರು: ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ. ನಮ್ಮ ಕರಾವಳಿಯವರು ಉಬ್ಬರಕ್ಕೆ ಭರತ ಅನ್ನುತ್ತಾರಲ್ಲ, ಭರತಪುರದಲ್ಲಿ ಬೆಳಿಗ್ಗೆ ನಿಂತಾಗ ಆ ಹೆಸರು ಇದಕ್ಕೇ ಇಟ್ಟಿರಬೇಕು ಅನ್ನಿಸಿತು. ನೀರು ತುಂಬಿ ತೆಂಗಿನ ಬುಡ ಮುಟ್ಟುವಂತಿತ್ತು.

ಅಮಾವಾಸ್ಯೆಯ ಮಧ್ಯಾಹ್ನ ಮೂರಕ್ಕೆ ಲಕ್ಷ್ಮಣಪುರದ ಆ ಬದಿಗೆ ಹೋದಾಗ ಸಮುದ್ರವೇ ಇರಲಿಲ್ಲ. ದೂರದಲ್ಲೆಲ್ಲೋ ಬಿಳಿ ಗೆರೆ. ನಮ್ಮ ಮುಂದೆ ಕಪ್ಪು ಕಲ್ಲು, ಸತ್ತ ಹವಳ, ಹೊಂಡ ಹೊಂಡ ನೀರು. ಅವ್ವನ ಮಂಡಿಗೆ ಇದು ಆಗುವುದಿಲ್ಲ ಅಂದುಕೊಂಡೆ. ಆಕೆ ರಬ್ಬರ್ ಚಪ್ಪಲಿ ಬಿಗಿಮಾಡಿಕೊಂಡು, ಪಶ್ಚಿಮವಾಹಿನಿಯ ಪಾಚಿಗಟ್ಟಿದ ಕಲ್ಲಿನ ಮೇಲೆ ನಡೆಯುವ ಹಾಗೆ ಬೆರಳೂರಿ ನಡೆದಳು. ಗೈಡ್ ಹುಡುಗ ಒಂದೊಂದು ಹೊಂಡದಲ್ಲೂ ನಿಲ್ಲಿಸಿ ತೋರಿಸಿದ: ನೀಲಿ ತುಟಿಯ ಚಿಪ್ಪು, ಪಟ್ಟೆ ಮೀನಿನ ಮರಿ, ಕಲ್ಲಿನ ಬಣ್ಣದ ಏಡಿ. ಕೈಯಲ್ಲಿ ಹಿಡಿದರೆ ಹಾಗಲಕಾಯಿಯ ಹಾಗಿದ್ದ ಜೀವಕ್ಕೆ ಸಮುದ್ರ ಸೌತೆ ಅನ್ನುತ್ತಾರೆ ಅಂದೆ. "ಸೋಮವಾರ ಕಣಪ್ಪ, ಅತ್ಲಾಗಿಡು" ಅಂದಳು.

ಸೇತುವೆ ಅಂದರೆ ಬಂಡೆಯ ಕಮಾನು, ಮೇಲೆ ಮರ ಬೆಳೆದಿದೆ. ಬಂಗಾಳದಿಂದ ಬಂದವರು ಅದಕ್ಕೆ ಹೌರಾ ಬ್ರಿಡ್ಜ್ ಅಂತ ಹೆಸರಿಟ್ಟಿದ್ದಾರೆ. ಬಿಟ್ಟು ಬಂದ ಊರಿನ ಕಡೆಯದೊಂದು ಹೆಸರು ಜೊತೆಗಿರಲಿ ಅಂತಲೋ, ಬರೀ ತಮಾಷೆಗೋ. ಅದರ ನೆರಳಲ್ಲಿ ಕೂತು ಹುರಿಗಾಳು ಮುಗಿಸುವಷ್ಟರಲ್ಲಿ ಹೊಂಡಗಳು ಒಂದಕ್ಕೊಂದು ಸೇರತೊಡಗಿದವು. ಅವ್ವ ಕಾಲೆತ್ತಿದಳು.

"ಇಲ್ಲಿ ಗೇಟ್ ಬುಡೋರ್ ಯಾರ್ಲಾ?"

ಮಗಳು ವಿವರಿಸಿದಳು. ಚಂದ್ರ ನೀರನ್ನು ಎಳೆಯುತ್ತಾನೆ ಅಜ್ಜಿ, ಅಮಾವಾಸ್ಯೆಯಲ್ಲಿ ಸೂರ್ಯನೂ ಅದೇ ಕಡೆಯಿಂದ ಜೊತೆಗೆ ಎಳೆಯುತ್ತಾನೆ, ಅದಕ್ಕೇ ಇವತ್ತು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. "ಅದ್ಕೇಯ, ಅಮಾಸೆ ದಿನ ಓಡಾಡ್ಬ್ಯಾಡಿ ಅಂದಿದ್ದು" ಅಂದಳು ಅವ್ವ. ಸ್ವಲ್ಪ ಹೊತ್ತು ಬಿಟ್ಟು, "ಓದ್ ನೀರು ಇಂಗೇ ದಿನಾ ವಾಪಸ್ ಬತ್ತದಾ?"

"ದಿನಕ್ಕೆ ಎರಡು ಸಲ."

"ನಮ್ಮಲ್ಲೂ ಬಿಟ್ಟ್ ನೀರು ವಾಪಸ್ ಬಂದಿದ್ರೆ ಮಂಡ್ಯದಲ್ ಬಂದ್ ಯಾಕ್ ಆಯ್ತಿತ್ತು?"

ಮಗ ಜೇಬಿನಲ್ಲಿ ಹವಳದ ತುಂಡೊಂದನ್ನು ಇಟ್ಟುಕೊಂಡಿದ್ದ. ಗೈಡ್ ಹುಡುಗ ನೋಡಿ, ಸತ್ತದ್ದಾದರೂ ಒಯ್ಯುವಂತಿಲ್ಲ, ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ ಅಂದ. ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಹವಳವೂ ಇದೆ. ಮಗ ಅಳುತ್ತಾ ಅದನ್ನು ಏರುತ್ತಿದ್ದ ನೀರಿಗೆ ಹಾಕಿದ. ಏರ್‌ಪೋರ್ಟಿನಲ್ಲಿ ನಿಜಕ್ಕೂ ನಮ್ಮ ಚೀಲ ತೆಗೆಸಿದರು. ಸಿಕ್ಕಿದ್ದು ಮುದ್ದೆ ಕೋಲು. ಅದನ್ನು ಆಚೆ ಈಚೆ ತಿರುಗಿಸಿ ನೋಡಿದವರಿಗೆ ಅವ್ವ ಎರಡೂ ಕೈಯಲ್ಲಿ ತಿರುವಿ ತೋರಿಸಬೇಕಾಯಿತು.

ಜನವರಿ 13, ಬನದ ಹುಣ್ಣಿಮೆ. ಮಾರನೇ ದಿನ ಸಂಕ್ರಾಂತಿ. ನಡುಮನೆಯಲ್ಲಿ ಅವ್ವ, ಪಕ್ಕದ ಮನೆಯವರು ಸೇರಿ ಕೊಬ್ಬರಿ, ಬೆಲ್ಲ ಹೆಚ್ಚುತ್ತಿದ್ದರು. ಅವ್ವ ಕತ್ತಿ ನಿಲ್ಲಿಸಿ ಗೋಡೆ ಗಡಿಯಾರ ನೋಡಿದಳು, ಮೂರೂವರೆ ಆಗಿತ್ತು.

"ಈಗ ಅಲ್ಲಿ ನೀರ್ ಓಗಿರ್ತದೆ ಕಣಕ್ಕಾ, ಸೇತ್ವೆ ಬುಡ ಕಾಣ್ತಿರ್ತದೆ" ಅಂದು ಮತ್ತೆ ಬೆಲ್ಲಕ್ಕೆ ಕತ್ತಿ ಇಟ್ಟಳು.